ಊಲ್ಕಾನಳ ದಾರಿ, ಕುಂದುಜಳ ನಾಯಿ

ನಮ್ಮ ಊಲ್ಕಾನಕ್ಕನ ಎದುರು ಕಣ್ಣು ಮುಚ್ಚಿ ಕೂರುವುದೆಂದರೆ ಈ ಹಳ್ಳಿಯ ಗಂಡಸರಿಗೂ ಎದೆ ಡವಡವ. ಹೋತದ ಕಳೇಬರ ಕಸಿಯುವ ಆಟದಲ್ಲಿ ಕುದುರೆ ನುಗ್ಗಿಸಿ ಪಕ್ಕೆಲುಬು ಮುರಿದುಕೊಂಡೂ ನಗುವವರು, ಅವಳು ಸೂಜಿ ಪಕ್ಕಕ್ಕಿಟ್ಟು "ಬಾರೋ, ನಿಂಗೊಂದು ದಾರಿ ನಡೆಸ್ತೀನಿ" ಎಂದರೆ ಸಾಕು, ಕುರಿಗೆ ಹುಲ್ಲು ಹಾಕುವುದು ನೆನಪಾಗಿ ಜಾಗ ಖಾಲಿ ಮಾಡುತ್ತಾರೆ. ನಾನು ಅವಳ ಓರಗಿತ್ತಿ, ಸಾಯ್ರಾ. ಅವಳ ಮೈದುನನನ್ನು ಕಟ್ಟಿಕೊಂಡು ಬಂದ ದಿನದಿಂದ ಒಂದೇ ಅಂಗಳದಲ್ಲಿ ಬಾಳಿದ್ದೇವೆ, ಒಂದೇ ಒಲೆಯ ಹೊಗೆ ಕುಡಿದಿದ್ದೇವೆ, ದಿನಕ್ಕೊಮ್ಮೆಯಾದರೂ ಜಗಳ ಕಾದಿದ್ದೇವೆ. ಅವಳನ್ನು ಹೊಗಳುವ ಉಮೇದು ನನಗಿಲ್ಲ. ಆದರೆ ಈ ಚಳಿಗಾಲದಲ್ಲಿ ನಡೆದದ್ದನ್ನು ಊರವರು ಬಾಯಿಗೆ ಬಂದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಪಕ್ಕದಲ್ಲೇ ಇದ್ದ ನಾನೇ ಹೇಳುವುದು ಮೇಲು.

ದಾರಿ ನಡೆಸುವುದೆಂದರೆ ನಡೆಯುವವರು ಜಾಗ ಬಿಟ್ಟು ಏಳುವುದಿಲ್ಲ. ಕಣ್ಣು ಮುಚ್ಚಬೇಕು, ಅವಳು ಕೇಳಿದ್ದಕ್ಕೆ ಥಟ್ಟನೆ ಉತ್ತರ ಕೊಡಬೇಕು. ಮನೆಯಿಂದ ಹೊರಟಿದ್ದೀಯ, ದಾರಿ ಹೇಗಿದೆ? ಏನು ಹತ್ತಿದ್ದೀಯ? ನೀರು ಅಡ್ಡ ಬಂತು, ಹೇಗೆ ದಾಟುತ್ತೀಯ? ಒಂದು ಬಟ್ಟಲು ಬಿದ್ದಿದೆ, ಏನು ಮಾಡುತ್ತೀಯ? ಎದುರಿಗೆ ಒಂದು ಪ್ರಾಣಿ ಬಂತು, ಯಾವುದು? ಕೊನೆಗೊಂದು ಮನೆ, ಬಾಗಿಲು ತೆಗೆದಿದೆಯೋ ಮುಚ್ಚಿದೆಯೋ? ಕೇಳುವವರಿಗೆ ಇದೆಲ್ಲ ಮಕ್ಕಳಾಟ. ಅವಳ ಲೆಕ್ಕದಲ್ಲಿ ಹಾಗಲ್ಲ. ನೀನು ಏನು ಹತ್ತಿದ್ದೀಯೋ ಅದು ಬಾಳಿನಲ್ಲಿ ನೀನು ಭಾರ ಹಾಕಿರುವ ಮನುಷ್ಯ. ನೀರು ಕಷ್ಟ, ಬಟ್ಟಲು ಪ್ರೀತಿ, ಮನೆ ನಿನ್ನ ಆಸೆ. ಪ್ರಾಣಿ ಎಂದರೆ ಮುಂದೆ ನಿನಗಾಗಿ ಕಾದು ಕೂತಿರುವಂಥದ್ದು.

ನಾನು ಹೊಸ ಸೊಸೆಯಾಗಿದ್ದಾಗ ನನ್ನನ್ನೂ ನಡೆಸಿದ್ದಳು. ನಾನು ಕತ್ತೆ ಹತ್ತಿದೆ, ಬಟ್ಟಲನ್ನು ಕಾಲಿಂದ ಅತ್ತ ಸರಿಸಿದೆ. ಅವಳು ಬಿದ್ದು ಬಿದ್ದು ನಕ್ಕಳು, ಅರ್ಥ ಮಾತ್ರ ಹೇಳಲಿಲ್ಲ. ನಡೆದವರಿಗೆ ಅರ್ಥ ಹೇಳಬಾರದು, ಕರೆತಂದವರಿಗೆ ಹೇಳಬೇಕು ಎನ್ನುವುದು ಅವಳ ನೇಮ. ನನ್ನ ಅರ್ಥ ನಮ್ಮತ್ತೆಗೆ ಹೋಯಿತು, ಅತ್ತೆಯಿಂದ ಬೀದಿಗೆ ಹೋಯಿತು. ಕತ್ತೆ ಎಂದರೆ ನನ್ನ ಗಂಡ ಎಂಬುದು ಎಲ್ಲರಿಗೂ ಗೊತ್ತಾದ ಮೇಲೆ ನನ್ನ ಕಿವಿಗೆ ಬಿತ್ತು. ಸುಳ್ಳು ಎಂದು ಇವತ್ತಿಗೂ ನನ್ನ ಬಾಯಲ್ಲಿ ಬಂದಿಲ್ಲ.

ಈ ವಿದ್ಯೆ ಅವಳಿಗೆ ಬಂದದ್ದು ಅಜ್ಜಿಯಿಂದ. ಬೇಸಿಗೆಯ ಹುಲ್ಲುಗಾವಲಿಗೆ ಹೊರಡುವ ಮುಂಚೆ ಆ ಮುದುಕಿ ಹೊಸ ಕುರುಬರನ್ನು ಹೀಗೆ ನಡೆಸಿ ನೋಡಿ, ಆಮೇಲೆ ಕುರಿ ಒಪ್ಪಿಸುತ್ತಿದ್ದಳಂತೆ. ನೀರಿನ ಮುಂದೆ ಹಿಂದಿರುಗುವವನಿಗೆ ಮೇಲಿನ ಹುಲ್ಲುಗಾವಲು ಕೊಡುತ್ತಿರಲಿಲ್ಲ. ಊಲ್ಕಾನಳಿಗೆ ಟೀಚರ್ ಆಗಬೇಕೆಂಬ ಆಸೆಯಿತ್ತು. ಟ್ರ್ಯಾಕ್ಟರ್ ಓಡಿಸುವವನ ಹೆಂಡತಿಯಾದಳು, ಗಂಡುಮಕ್ಕಳನ್ನು ಹೆತ್ತಳು, ಬಣ್ಣದ ಉಣ್ಣೆಹಾಸನ್ನು ಟಗರುಕೊಂಬಿನ ಆಕಾರಕ್ಕೆ ಕತ್ತರಿಸಿ ಒಂದರೊಳಗೊಂದು ಕೂರಿಸಿ ಹೊಲಿಯುವ ಶಿರ್ದಾಕ್‌ ಜಮಖಾನೆಗಳ ಮೇಲೆ ಬೆನ್ನು ಬಗ್ಗಿಸಿದಳು. ನರೀನ್ ಪೇಟೆ ದಾಟಿ ಆಚೆಗೆ ಹೋದವಳಲ್ಲ. ಆದರೆ ಊರಿಗೆ ಊರನ್ನೇ ಎಲ್ಲೆಲ್ಲಿಗೋ ನಡೆಸಿದಳು. ಹೆಣ್ಣು ಕೇಳಲು ಹೋಗುವವರು, ಹೆಣ್ಣು ಕೊಡುವವರು, ಪಾಲುದಾರಿಕೆಗೆ ಕೈ ಹಾಕುವವರು ಎಲ್ಲರೂ ಅವಳ ಹತ್ತಿರ ಬರತೊಡಗಿದರು. ಬಂದಷ್ಟೂ ಅವಳ ಕತ್ತು ನೆಟ್ಟಗಾಯಿತು. ಜಂಬ ಇತ್ತು ಅವಳಿಗೆ. ಇಲ್ಲ ಎಂದರೆ ನನ್ನ ನಾಲಗೆ ಬಿದ್ದುಹೋದೀತು.

ಬಾತ್ಮಾ ತನ್ನ ಸೊಸೆಯನ್ನು ಕರೆದುಕೊಂಡು ಬಂದದ್ದು ಹಿಮ ಗಟ್ಟಿಯಾಗಿ ಕೂತಿದ್ದ ಒಂದು ಮಧ್ಯಾಹ್ನ. ಬಾತ್ಮಾ ಎಂದರೆ ಜೀನು ಹೊಲಿಯುತ್ತಿದ್ದ ಉಸ್ತಾನ ಹೆಂಡತಿ. ಉಸ್ತಾ ಬೇರೆ ಕಣಿವೆಯಿಂದ ಬಂದು ಇಲ್ಲಿ ನೆಲೆಸಿದವನು. ಕೈಕಸುಬಿನವನಾದ್ದರಿಂದ ಬಂದ ದಿನದಿಂದಲೂ ಎಲ್ಲರ ಬಾಯಲ್ಲಿ ಉಸ್ತಾ, ಸತ್ತು ಮಣ್ಣಾದಾಗಲೂ ಉಸ್ತಾ. ಮಗ ಎರ್ಮೆಕ್ ರಷ್ಯಾದಲ್ಲಿ ಕಟ್ಟಡ ಕೆಲಸಕ್ಕಿದ್ದಾನೆ. ಸೊಸೆ ಕುಂದುಜ್. ಅವಳಿಗೊಂದು ಮಗಳು, ಅದಿನಾಯ್, ಆಗಷ್ಟೇ ಮಾತು ಕಲಿತ ಕೂಸು. ನಮ್ಮಲ್ಲಿ ಮೊದಲ ಮೊಮ್ಮಗು ಅಜ್ಜಿಯ ಮಡಿಲಿಗೆ ಸೇರಿದ್ದು. ಅದಿನಾಯ್ ಬಾತ್ಮಾಳ ಹಾಸಿಗೆಯಲ್ಲೇ ಮಲಗುತ್ತಿತ್ತು, ಬಾತ್ಮಾಳನ್ನೇ ಅಮ್ಮ ಎನ್ನುತ್ತಿತ್ತು. ಹೆತ್ತವಳನ್ನು ಹೆಸರು ಹಿಡಿದು ಕುಂದುಜ್ ಎಂದು ಕರೆಯುತ್ತಿತ್ತು. ಇದರಲ್ಲಿ ಯಾರಿಗೂ ವಿಶೇಷ ಕಾಣುತ್ತಿರಲಿಲ್ಲ, ಎರ್ಮೆಕ್ ಫೋನ್ ಮಾಡಿ ಹೆಂಡತಿ ಮಗಳನ್ನು ಕಳಿಸಿಕೊಡು, ಕೋಣೆ ನೋಡಿದ್ದೇನೆ ಎನ್ನುವವರೆಗೆ.

"ಇವಳು ಹೋಗ್ಲಿ, ಮಗು ನಂದು, ಇಲ್ಲೇ ಇರುತ್ತೆ" ಎಂದಳಂತೆ ಬಾತ್ಮಾ. ಆ ಮನೆಗೆ ಬಂದ ಮೇಲೆ ಕುಂದುಜ್ ಮೊದಲ ಸಲ ತಲೆ ಎತ್ತಿ "ಮಗು ಬಿಟ್ಟು ನಾ ಹೋಗಲ್ಲ" ಎಂದಳು. ಮಗ ಹೆಂಡತಿಯ ಕಡೆ ವಾಲಿದ. ಆಗ ಬಾತ್ಮಾ ಒಂದು ಪಟ್ಟು ಹಾಕಿದಳು. ಊಲ್ಕಾನ್ ದಾರಿ ನಡೆಸಲಿ. ದಾರಿ ನೆಟ್ಟಗಿದ್ದರೆ ಇಬ್ಬರನ್ನೂ ಕಳಿಸುತ್ತೇನೆ, ಡೊಂಕಾಗಿದ್ದರೆ ಮಗು ನನ್ನ ಹತ್ತಿರ. ಎರ್ಮೆಕನೂ ಒಪ್ಪಿದ. ಊಲ್ಕಾನಳ ಮಾತೆಂದರೆ ಅವನಿಗೂ ಅಷ್ಟು ನಂಬಿಕೆ.

ನಾನು ಊಲ್ಕಾನಳ ತೋಳು ಚಿವುಟಿದೆ. "ಬೇಡ ಅನ್ನು. ಮದುವೆ ಮಾತಲ್ಲ ಇದು, ಮಗೂದು."

"ಸುಮ್ನಿರೇ ಹೊಸ ಸೊಸೆ" ಎಂದಳು. ಮೊಮ್ಮಕ್ಕಳಾದರೂ ನಾನು ಅವಳಿಗೆ ಹೊಸ ಸೊಸೆಯೇ. "ನೆಟ್ಟಗಿದ್ರೆ ನೆಟ್ಟಗಿದೆ ಅಂತೀನಿ. ಹುಡುಗಿಗೇ ಒಳ್ಳೇದಾಗುತ್ತೆ."

ಕುಂದುಜ್ ಒಲೆಯ ಹತ್ತಿರ ಕೂತು ಕಣ್ಣು ಮುಚ್ಚಿದಳು. ಕೈಗಳನ್ನು ಮಂಡಿಯ ಕೆಳಗೆ ಸಿಕ್ಕಿಸಿಕೊಂಡಿದ್ದಳು. ಎದುರಿಗೆ ಬಾತ್ಮಾ, ಬೆರಳಲ್ಲಿ ಜಪಮಾಲೆ. ದಾರಿ ಕಣಿವೆಯದು, ಕಲ್ಲು ಜಾಸ್ತಿ ಎಂದಳು. ಹತ್ತಿದ್ದು ಗಂಡನ ಕೆಂದು ಕುದುರೆ. ನೀರಿಗೆ ಇಳಿದೇ ದಾಟಿದಳು, ಮಗುವನ್ನು ಎತ್ತಿ ಹಿಡಿದು. ಊಲ್ಕಾನ್ ಮಗುವನ್ನು ಕೇಳಿಯೇ ಇರಲಿಲ್ಲ, ಅವಳೇ ತಂದುಕೊಂಡಿದ್ದಳು. ಬಟ್ಟಲನ್ನು ಒರೆಸಿ ಜೇಬಿಗಿಟ್ಟುಕೊಂಡಳು. ಊಲ್ಕಾನಳ ಮುಖ ಅರಳುತ್ತಿತ್ತು. ನನಗೂ ಉಸಿರು ಬಂದಂತಾಯಿತು.

"ಈಗ ಎದುರಿಗೆ ಒಂದು ಪ್ರಾಣಿ. ಯಾವುದು?"

ಕುಂದುಜ್ ಬಾಯಿ ತೆಗೆದಳು, ಮುಚ್ಚಿದಳು. 

"ಥಟ್ಟಂತ ಹೇಳಮ್ಮ."

"ನಾಯಿ" ಎಂದಳು.

"ಎಂಥ ನಾಯಿ?"

"ಬೂದು. ದಾರಿ ಪಕ್ಕ ಕೂತಿದೆ. ನನ್ನೇ ನೋಡ್ತಿದೆ, ಆಪಾ."

"ಬೊಗಳ್ತಾ?"

"ಇಲ್ಲ. ಎದ್ದು ಪಕ್ಕಕ್ಕೆ ಸರೀತು. ದಾರಿ ಬಿಡ್ತು."

ಬಾತ್ಮಾಳ ಬೆರಳು ಜಪಮಾಲೆಯ ಮೇಲೆ ನಿಂತುಹೋಯಿತು. ಅವಳಿಗೆ ಆಘಾತವಾಯಿತು ಎಂದುಕೊಂಡೆ. ಕುಂದುಜ್ ಮನೆಯನ್ನೂ ಹೇಳಿದಳು, ಬಾಗಿಲು ತೆಗೆದಿತ್ತು. ಆದರೆ ಊಲ್ಕಾನಳ ಹುಬ್ಬು ಆಗಲೇ ಗಂಟಾಗಿತ್ತು. ಸೊಸೆಯನ್ನು ಚಹಾ ಕಾಯಿಸಲು ಆಚೆ ಕಳಿಸಿ ಅರ್ಥ ಬಿಡಿಸಿದಳು. ಕಾಡಿನ ಪ್ರಾಣಿ ಬಂದರೆ ಹೆದರಿಕೆ, ಅದಕ್ಕೇನೂ ಇಲ್ಲ. ನಾಯಿ ಬಂತು ಎಂದರೆ ಪರಿಚಯದವರು. ಬೊಗಳದ ನಾಯಿ ರೊಟ್ಟಿ ಹಾಕಿದ ಕೈಯನ್ನು ಬಲ್ಲದು. ಅವಳ ದಾರಿಯಲ್ಲಿ ಗೊತ್ತಿರುವ ಯಾರೋ ಕಾದು ಕೂತಿದ್ದಾರೆ.

"ಯಾರೋ ಅಂದ್ರೆ ಗಂಡಸು" ಎಂದಳು ಬಾತ್ಮಾ.

"ನಾನು ಹಾಗಂದಿಲ್ಲ."

"ನೀನು ಅನ್ಬೇಕಾಗಿಲ್ಲ."

ಊಲ್ಕಾನ್ ಪಕ್ಕಕ್ಕಿಟ್ಟಿದ್ದ ಸೂಜಿ ಎತ್ತಿಕೊಂಡಳು. ಆಡಿದ ಅರ್ಥವನ್ನು ವಾಪಸು ತೆಗೆದುಕೊಂಡ ರೂಢಿ ಅವಳಿಗಿಲ್ಲ. ಅದೇ ಅನಾಹುತಕ್ಕೆ ದಾರಿಯಾಯಿತು. ಸಂಜೆಯ ಹೊತ್ತಿಗೆ ಬಾತ್ಮಾ ಮಗನಿಗೆ ಫೋನ್ ಮಾಡಿ ತನಗೆ ಬೇಕಾದಷ್ಟು ಸೇರಿಸಿ ಹೇಳಿದ್ದಳು. ಎರ್ಮೆಕ್ ಹೆಂಡತಿಗೆ ಇಷ್ಟೇ ಹೇಳಿದ: ಗುರುವಾರ ಟ್ಯಾಕ್ಸಿ ಬರುತ್ತೆ, ನಿಮ್ಮಪ್ಪನ ಮನೆಗೆ ಹೋಗಿರು, ಮಗು ಅಮ್ಮನ ಹತ್ರ ಇರಲಿ, ನಾನು ಬಂದ ಮೇಲೆ ನೋಡೋಣ. ಕುಂದುಜ್ ಕಾರಣ ಕೇಳಿದರೆ ಅತ್ತೆ "ನಿನ್ನ ದಾರಿ ನೆಟ್ಟಗಿಲ್ಲ" ಎಂದು ಬಾಯಿ ಮುಚ್ಚಿಸಿದಳು. ಯಾವುದು ಡೊಂಕಾಯಿತು ಎಂದು ಆ ಹುಡುಗಿಗೆ ಯಾರೂ ಹೇಳಲಿಲ್ಲ. ನೀರೋ, ಬಟ್ಟಲೋ, ಕುದುರೆಯೋ ಎಂದು ಅವಳು ತಲೆ ಕೆಡಿಸಿಕೊಂಡಳು. 

ಆ ದಿನಗಳಲ್ಲಿ ಊಲ್ಕಾನ್ ಹೊಲಿದದ್ದನ್ನೇ ಬಿಚ್ಚಿ ಹೊಲಿಯುತ್ತಿದ್ದಳು. ನಾನು ಸುಮ್ಮನಿರಲಿಲ್ಲ.

"ಹೋಗಿ ಹೇಳ್ಬಾರ್ದಾ ಅಕ್ಕಾ? ಅದೊಂದು ಆಟ, ತಲೆಗೆ ಹಚ್ಕೋಬೇಡಿ ಅಂತ?"

"ಆಟ ಅಂದ್ಬಿಟ್ರೆ ಇಷ್ಟು ವರ್ಷ ನಾ ಹೇಳಿದ್ದೆಲ್ಲ ಏನಾಯ್ತೇ? ನನ್ನ ಮಾತು ನಂಬಿ ಮದುವೆ ಆದವರು, ಮುರ್ಕೊಂಡವರು ನನ್ನ ಬಾಗಿಲಿಗೆ ಬರಲ್ವಾ?"

"ಬರ್ಲಿ. ನಾಲ್ಕು ಬೈದು ಹೋಗ್ತಾರೆ. ಆ ಹುಡುಗಿ ಮಗೂನೇ ಕಳ್ಕೊಳ್ತಾಳಲ್ಲ."

"ನಾಯಿ ಅಂದಿದ್ದು ಅವಳು ತಾನೇ? ನಾನಾ ಹೇಳ್ಸಿದ್ದು?" ಎಂದು ರೇಗಿ ಎದ್ದು ಹೋದಳು. ರೇಗಿದಳೆಂದರೆ ಅವಳಿಗೂ ಒಳಗೆ ಚುಚ್ಚುತ್ತಿದೆ ಎಂದರ್ಥ, ನನಗೆ ಗೊತ್ತು.

ಗುರುವಾರ ಬೆಳಿಗ್ಗೆ ಕುಂದುಜಳಿಗೆ ಬುತ್ತಿಯೆಂದು ಹಿಟ್ಟಿನ ಬೋರ್ಸೋಕ್ ಕರಿದು ಗಂಟು ಕಟ್ಟಿಕೊಂಡು ಹೋದೆ. ಹೊರಡುವ ದಿನವೂ ಅತ್ತೆ ಅವಳನ್ನು ದೊಡ್ಡಿಗೆ ಅಟ್ಟಿದ್ದಳು. ಅವಳು ಹುಲ್ಲಿನ ಕಟ್ಟು ಹೊತ್ತು ಗೇಟು ತೆಗೆದಳೋ ಇಲ್ಲವೋ, ಕುರಿಗಳೆಲ್ಲ ಒಂದು ಮೂಲೆಗೆ ಒತ್ತಿಕೊಂಡು ನಿಂತಿದ್ದವು. ಬೇಲಿಯ ಹತ್ತಿರ ಹಿಮದಲ್ಲಿ ಒಂದು ಬೂದು ಬೆನ್ನು ಕಂಡಿತು.

"ನಾಯಿ! ನಾಯಿ ಬಂತು! ಬನ್ನಿ ಯಾರಾದ್ರೂ, ನಾಯಿ!" ಎಂದು ಕುಂದುಜ್ ಕೂಗಿಕೊಂಡಳು.

ಪಕ್ಕದ ಅಂಗಳದಲ್ಲಿ ಜೋಲ್ಚು ಗಾಡಿಯ ಹಿಮ ಕೆರೆಯುತ್ತಿದ್ದ. ಅವನ ಬಂದೂಕು ಬಾಗಿಲ ಹಿಂದೆಯೇ ಇರುತ್ತದೆ. "ನಾಯಿ ತಾನೇ, ಒಂದು ಕಲ್ಲು ಬೀಸು" ಎಂದು ತಲೆಯೂ ಎತ್ತಲಿಲ್ಲ. ಆ ಪ್ರಾಣಿ ಬೇಲಿ ಹಾರಿತು. ಬಾಲ ಕೆಳಕ್ಕೆ ಜೋತಿತ್ತು, ಕತ್ತು ತಿರುಗದೆ ಇಡೀ ಮೈ ತಿರುಗಿತು.  ನಾಯಿ ಎಲ್ಲಿಂದ ಬರಬೇಕು? ಅದು ತೋಳ. ಒಂದು ಕುರಿಯ ಕುತ್ತಿಗೆ ಹಿಡಿದು ಎಳೆದೊಯ್ಯುವಾಗ ಕುಂದುಜ್ ಹುಲ್ಲಿನ ಕವೆಗೋಲು ಹಿಡಿದು ಅದರ ಹಿಂದೆ ಓಡುತ್ತಾ ಆಗಲೂ ನಾಯಿ ನಾಯಿ ಎಂದೇ ಅರಚುತ್ತಿದ್ದಳು. ನಾನು "ತೋಳ" ಎಂದು ಕಿರುಚಿದ ಮೇಲೆ ಜೋಲ್ಚು ಬಂದೂಕು ತಂದ. ಅಷ್ಟರಲ್ಲಿ ಹಿಮದ ಮೇಲೆ ರಕ್ತದ ಗೆರೆ ಮಾತ್ರ ಉಳಿದಿತ್ತು.

"ಕಣ್ಣು ಎಲ್ಲಿಟ್ಟಿದ್ಯೇ?" ಎಂದು ಅವನು ಹುಡುಗಿಯ ಮೇಲೆ ಹರಿಹಾಯ್ದ. "ಅದು ನಾಯಿನಾ? ಇದ್ದದ್ದು ಇದ್ದ ಹಾಗೆ ಕೂಗಿದ್ರೆ ಅಲ್ಲೇ ಹೊಡ್ದು ಕೆಡವ್ತಿದ್ದೆ."

ಅವನು ಹೋದ ಮೇಲೆ ಕುಂದುಜ್ ಹಿಮದಲ್ಲೇ ಕುಕ್ಕರಿಸಿದಳು. "ಅದು ಏನು ಅಂತ ನಂಗೊತ್ತು, ಆಪಾ. ನಮ್ಮನೇಲಿ ಅದನ್ನ ಹೇಳೋ ಹಾಗಿಲ್ಲ."

"ಯಾಕೆ?"

ಅವಳು ಗುಡ್ಡದ ಮೇಲಿನ ಗೋರಿಗಳ ಕಡೆ ಕೈ ತೋರಿಸಿದಳು. ಉಸ್ತಾನ ಗೋರಿ ಅಲ್ಲೇ ಇದೆ. ಮಣ್ಣು ಮಾಡಿದ ದಿನ ಮುಲ್ಲಾ ಕೂಗಿದ ಹೆಸರು, ಕಲ್ಲಿನ ಮೇಲೆ ಕೆತ್ತಿದ ಹೆಸರು ಆಗ ನನಗೆ ನೆನಪಾಯಿತು. ಬೋರೂಬಾಯ್. ಬೋರೂ ಎಂದರೆ ತೋಳ. ಸೊಸೆಯಾದವಳು ಮಾವನ ಹೆಸರು ಹೇಳಬಾರದು. ಹೆಸರಿನಲ್ಲಿರುವ ವಸ್ತುವನ್ನೂ ಹೇಳಬಾರದು. ನಮ್ಮ ಮನೆಯಲ್ಲಿ ನಾನೂ ಎಷ್ಟು ಮಾತು ನುಂಗಿಕೊಂಡು ಬಾಳಿಲ್ಲ! ತೋಳಕ್ಕೆ ನಮ್ಮಲ್ಲಿ ಇನ್ನೊಂದು ಹೆಸರೂ ಇದೆ, ಅದೂ ಬೇಡ ಎಂದಿದ್ದಳಂತೆ ಬಾತ್ಮಾ, ಮದುವೆಯಾಗಿ ಬಂದ ಮೊದಲ ವಾರವೇ. ಆ ಮನೆಯಲ್ಲಿ ತೋಳ ಬಂದರೂ ನಾಯಿ, ನಾಯಿ ಬಂದರೂ ನಾಯಿ.

"ಆವತ್ತು ದಾರೀಲಿ ಕಂಡಿದ್ದೂ ಅದೇನಾ?" ಎಂದು ಕೇಳಿದೆ.

ಹೌದೆಂದು ತಲೆಯಾಡಿಸಿದಳು. "ಯಾಕೆ ಆಪಾ, ಅದು ಕೆಟ್ಟದ್ದಾ?"

ನಾನು ಓಡಿದ ಓಟಕ್ಕೆ ನನ್ನ ಮಂಡಿ ಇನ್ನೂ ಶಾಪ ಹಾಕುತ್ತಿದೆ. ಊಲ್ಕಾನ್ ಜಮಖಾನೆಯ ಮೇಲೆ ಬಗ್ಗಿ ಕೂತಿದ್ದಳು. ಏದುಸಿರಲ್ಲೇ ಎಲ್ಲ ಹೇಳಿದೆ. ಸೂಜಿ ಅವಳ ಬೆರಳಿಗೆ ನಾಟಿದ್ದು ಅವಳಿಗೆ ತಿಳಿಯಲೇ ಇಲ್ಲ.

"ತೋಳಾನಾ?" ಎಂದಳು. "ಕೂತು ನೋಡಿ, ಎದ್ದು, ದಾರಿ ಬಿಟ್ಟ ತೋಳಾನಾ?" ನಮ್ಮ ಗಂಡಸರು ದಾರಿಯಲ್ಲಿ ತೋಳ ಕಂಡರೆ ಕುದುರೆ ನಿಲ್ಲಿಸಿ ಅಂಗೈಯಿಂದ ಮುಖ ಸವರಿಕೊಳ್ಳುತ್ತಾರೆ, ಹೋದ ಕೆಲಸ ಆಗುತ್ತದೆ ಎಂದು. ಅದಕ್ಕಿಂತ ಒಳ್ಳೆಯ ಶಕುನ ನಮಗಿಲ್ಲ. "ಅಯ್ಯೋ ಸಾಯ್ರಾ, ಅಷ್ಟು ಚೆನ್ನಾಗಿರೋ ದಾರೀನ ನಾನು ಇಲ್ಲೀವರೆಗೂ ಯಾರಿಗೂ ನಡೆಸಿಲ್ಲ." ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆಮೇಲೆ ಅವಳ ಮುಖ ಕಪ್ಪಿಟ್ಟಿತು. "ನಂಗೆ ಗೊತ್ತಾಗ್ಲಿಲ್ಲ, ಸರಿ. ಉಸ್ತಾ ಅಂತಲೇ ಕರೀತಿದ್ವಿ. ಆದರೆ ಬಾತ್ಮಾಗೆ?"

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಗಂಡನ ಹೆಸರು ಹೇಳದೆ ಇಡೀ ಬಾಳು ಕಳೆದವಳು ಬಾತ್ಮಾ. ನಾಯಿ ಎಂದರೆ ಯಾವುದು ಎಂದು ಸೊಸೆಗೆ ಕಲಿಸಿಕೊಟ್ಟವಳೇ ಅವಳು.

ನಾವು ಹೋಗುವಾಗ ಟ್ಯಾಕ್ಸಿ ಗೇಟಿನ ಹತ್ತಿರ ಹೊಗೆ ಬಿಡುತ್ತಾ ನಿಂತಿತ್ತು. ಒಳಗೆ ಬಾಗಿಲ ಬಳಿ ಕುಂದುಜಳ ಚೀಲ, ಚೀಲದ ಪಕ್ಕ ಕುಂದುಜ್. ಬಾತ್ಮಾ ಮೊಮ್ಮಗಳನ್ನು ಎರಡು ಕೈಯಲ್ಲೂ ಅವುಚಿ ಮಡಿಲಲ್ಲಿ ಕೂರಿಸಿಕೊಂಡಿದ್ದಳು. ಮಗು ಕುಂದುಜಳನ್ನು ನೋಡಿ ಕೈ ಬೀಸುತ್ತಿತ್ತು, ನೀರು ತರಲು ಹೊರಟವಳಿಗೆ ಬೀಸಿದ ಹಾಗೆ.

"ಎರ್ಮೆಕ್‌ಗೆ ಫೋನ್ ಹಚ್ಚು" ಎಂದಳು ಊಲ್ಕಾನ್.

"ಅವನು ಕೆಲಸದಲ್ಲಿರ್ತಾನೆ."

ನಾನು ಕುಂದುಜಳ ಕೈಯಿಂದ ಫೋನ್ ಕಸಿದು ನಾನೇ ಹಚ್ಚಿದೆ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಆ ಕಡೆ ಸುತ್ತಿಗೆಯ ಸದ್ದು, ಗಾಳಿ, ಆಮೇಲೆ ಎರ್ಮೆಕನ "ಹಲೋ".

"ನಾನು ಊಲ್ಕಾನ್ ಕಣಪ್ಪ. ನಿನ್ನ ಹೆಂಡತಿ ದಾರಿಗೆ ನಾ ಹೇಳಿದ ಅರ್ಥ ತಪ್ಪು" ಎಂದಳು. ಅವಳ ಬಾಯಲ್ಲಿ ಆ ಮಾತು ನಾನು ಹಿಂದೆಂದೂ ಕೇಳಿರಲಿಲ್ಲ. "ಅರ್ಧ ಕೇಳಿ ಅರ್ಥ ಹೇಳ್ಬಿಟ್ಟೆ. ಇನ್ನರ್ಧ ನಿಮ್ಮಮ್ಮನ ಹತ್ರ ಇದೆ." ಬಾತ್ಮಾಳ ಕಡೆ ತಿರುಗಿದಳು. "ಇವತ್ತು ಬೆಳಿಗ್ಗೆ ನಿನ್ನ ದೊಡ್ಡೀಗೆ ನುಗ್ಗಿ ಕುರಿ ಎಳ್ಕೊಂಡು ಹೋಗಿದ್ದು ಏನು?"

"ನಾಯಿ" ಎಂದಳು ಬಾತ್ಮಾ. ನಾಲಗೆಗೆ ಅಷ್ಟು ರೂಢಿಯಾಗಿತ್ತು. ಆಡಿದ ಮೇಲೆ ತುಟಿ ಕಚ್ಚಿಕೊಂಡಳು.

ಫೋನಿನಲ್ಲಿ ಸುತ್ತಿಗೆಯ ಸದ್ದು ದೂರವಾಯಿತು. ಎರ್ಮೆಕ್ ಎಲ್ಲಿಗೋ ಪಕ್ಕಕ್ಕೆ ಬಂದಿರಬೇಕು. ಈ ಮನೆಯಲ್ಲೇ ಬೆಳೆದವನು, ತಾಯಿಯ ನಾಯಿ ಯಾವುದೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

"ಅಮ್ಮಾ" ಎಂದ. "ಕುಂದುಜ್ ಆವತ್ತು ಹೇಳಿದ್ದೂ ಇದೇ ನಾಯೀನಾ?"

ಬಾತ್ಮಾ ಮಗುವಿನ ತಲೆಯ ಮೇಲೆ ಗಲ್ಲ ಒತ್ತಿ ಕೂತಿದ್ದಳು. ಅಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ತಾಯಿಯ ಮಾತು ಮೀರಿ ಸೊಸೆಯ ಮಾತನ್ನು ಈ ಊರಿನಲ್ಲಿ ಯಾರು ಎತ್ತಿ ಹಿಡಿಯುತ್ತಾರೆ? ಕುಂದುಜ್ ಗೋಡೆಗೆ ಒರಗಿದ್ದಳು, ತನ್ನ ಪರವಾಗಿ ತಾನೇ ಒಂದು ಮಾತು ಆಡಲಾರದೆ. ಹೊರಗೆ ಟ್ಯಾಕ್ಸಿಯವನು ಹಾರ್ನ್ ಒತ್ತಿದ. ನನ್ನ ನಾಲಗೆ ತುರಿಸುತ್ತಿತ್ತು, ಊಲ್ಕಾನ್ ಕಣ್ಣಲ್ಲೇ ಗದರಿಸಿದಳು.

"ಅವಳು ಏನು ಕಂಡಳು ಅನ್ನೋದು ಆವತ್ತು ಆ ಕೋಣೇಲಿ ನಿಂಗೊಬ್ಳಿಗೇ ತಿಳಿದಿತ್ತು" ಎಂದಳು ಊಲ್ಕಾನ್ ಮೆಲ್ಲಗೆ. "ನಾ ಹೇಳಿದ್ರೆ ಅರ್ಥ ಹೇಳ್ದಂಗೆ ಆಗುತ್ತೆ. ನೀನು ಹೇಳಿದ್ರೆ ನಿಜ ಆಗುತ್ತೆ."

ಮತ್ತೆ ಹಾರ್ನ್ ಕೇಳಿಸಿತು. ಬಾತ್ಮಾಳ ಬಾಯಿ ಒಂದೆರಡು ಸಲ ಅಲ್ಲಾಡಿತು.

"ತೋಳ" ಎಂದಳು.

ಮದುವಣಗಿತ್ತಿಯಾಗಿ ಆ ಹೊಸ್ತಿಲು ದಾಟಿದ ಮೇಲೆ ಅವಳ ಬಾಯಲ್ಲಿ ಆ ಮಾತು ಬಂದೇ ಇರಲಿಲ್ಲ. ತಾನೇ ಬೆಚ್ಚಿದವಳಂತೆ ಕತ್ತೆತ್ತಿ ಗೋಡೆಯ ಮೇಲಿದ್ದ ಗಂಡನ ಫೋಟೋ ನೋಡಿದಳು. "ತೋಳ ಕಣೋ, ಎರ್ಮೆಕ್. ಅವಳು ಬಾಯಿ ತೆಗೆದ ಕೂಡ್ಲೇ ನಂಗೆ ಗೊತ್ತಾಗಿತ್ತು."

 ಎರ್ಮೆಕ್ ತಾಯಿಯನ್ನು ಬಯ್ಯಲಿಲ್ಲ. "ಕುಂದುಜ್, ಮಗೂ ಬಟ್ಟೆ ತುಂಬ್ಕೋ" ಎಂದನಷ್ಟೇ. ಊಲ್ಕಾನ್ ಎದ್ದು ಹೋಗಿ ಪೆಟ್ಟಿಗೆಯಿಂದ ಮಗುವಿನ ಕೋಟು, ಬೂಟು ತಂದಳು. ಬಾತ್ಮಾ ಕೋಟು ಕಿತ್ತುಕೊಂಡು ತಾನೇ ತೊಡಿಸಿದಳು, ಗುಂಡಿ ಹಾಕಿದಳು, ಮಡಿಲಿನಿಂದ ಇಳಿಸಿ ನೆಲದ ಮೇಲೆ ನಿಲ್ಲಿಸಿದಳು.

"ಹೋಗು, ಅಮ್ಮನ ಹತ್ರ ಹೋಗು" ಎಂದಳು.

ಮಗು ಖುಷಿಯಾಗಿ ತಿರುಗಿ ಬಾತ್ಮಾಳ ಮಂಡಿಯನ್ನೇ ತಬ್ಬಿಕೊಂಡಿತು. ಬಾತ್ಮಾ ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಮಗುವಿನ ಭುಜ ಹಿಡಿದು ಬಾಗಿಲ ಕಡೆಗೆ ತಿರುಗಿಸಿದಳು.

"ನಾನಲ್ಲ ಕಂದಾ" ಎಂದಳು. "ಅವಳು."